ಬಾತಣ್ಣ ನಡೆದ ಆ ಒಂದು ವರ್ಷ

ಬೆಳಗಿನ ಮೊದಲ ಗಾಡಿ ಇನ್ನೂ ಬಂದಿಲ್ಲ. ಹಳಿಗಳ ಮೇಲೆ ಇಬ್ಬನಿ ಕೂತಿದೆ. ಒಂದು ಪಕ್ಕಕ್ಕೆ ಮುಚ್ಚಿಹೋದ ಕಾರ್ಖಾನೆಯ ಉದ್ದನೆಯ ಗೋಡೆ, ಇನ್ನೊಂದು ಪಕ್ಕಕ್ಕೆ ಮನೆಗಳ ಹಿತ್ತಿಲು, ತಂತಿಯ ಮೇಲೆ ನಿನ್ನೆ ಎತ್ತಿಡಲು ಮರೆತ ಬಟ್ಟೆ. ನಡುವಿನ ಜಲ್ಲಿಯ ದಾರಿಯಲ್ಲಿ ಒಬ್ಬರು ತಲೆ ಬಗ್ಗಿಸಿಕೊಂಡು ಬರುತ್ತಿದ್ದಾರೆ. ಹೆಗಲ ಮೇಲೆ ಉದ್ದ ಹಿಡಿಯ ಸುತ್ತಿಗೆ, ಕೈಯಲ್ಲಿ ತೋಳುದ್ದದ ಸ್ಪ್ಯಾನರ್, ಬೆನ್ನಿನ ಚೀಲದಲ್ಲಿ ಸುತ್ತಿಟ್ಟ ಕೆಂಪು, ಹಸಿರು ಬಾವುಟ. ನಾಲ್ಕು ಹೆಜ್ಜೆ ನಡೆದು ನಿಲ್ಲುತ್ತಾರೆ. ಹಳಿಯನ್ನು ಹಿಡಿದಿಟ್ಟಿರುವ ಉಕ್ಕಿನ ಕ್ಲಿಪ್ಪಿಗೆ ಸುತ್ತಿಗೆಯಿಂದ ಒಮ್ಮೆ ತಟ್ಟುತ್ತಾರೆ, ದನಿ ಕೇಳುತ್ತಾರೆ, ಸಮಾಧಾನವಾದರೆ ಮುಂದಕ್ಕೆ ಹೋಗುತ್ತಾರೆ. ಮತ್ತೆ ನಾಲ್ಕು ಹೆಜ್ಜೆ.

ನಮ್ಮ ಪತ್ರಿಕೆಯಿಂದ ಜೊತೆಗೆ ಬಂದಿರುವ ಫೋಟೋಗ್ರಾಫರ್‌ಗೆ ಆಗಲೇ ಆಕಳಿಕೆ ಶುರುವಾಗಿದೆ. "ಹಿಂಗೆ ಹೋದ್ರೆ ಮುಗಿಯೋದು ಯಾವಾಗ ಅಣ್ಣಾ?" ಎಂದು ಕೇಳಿಯೇಬಿಟ್ಟ.

"ಹಿಂಗೆ ಹೋದ್ರೇನೇ ಮುಗಿಯೋದು," ಎಂದರು ಅವರು, ತಲೆ ಎತ್ತದೆ. "ಬೇಗ ಹೋದ್ರೆ ಇದೇ ಕೆಲಸ ಇನ್ನೊಬ್ಬರು ಬಂದು ಮಾಡ್ಬೇಕಾಗುತ್ತೆ."

ಇಪ್ಪತ್ತೈದು ವರ್ಷದ ಹಿಂದೆ ಇಡೀ ದೇಶದಲ್ಲಿ ಇವರಷ್ಟು ಬೇಗ ನಡೆಯುವವರು ಇನ್ನೊಬ್ಬರಿರಲಿಲ್ಲ ಎಂದರೆ ಈಗ ನೋಡಿದವರು ನಂಬುವುದು ಕಷ್ಟ. ಓಡುವುದಲ್ಲ, ನಡೆಯುವುದು. ಆ ವ್ಯತ್ಯಾಸದ ಮೇಲೆಯೇ ಈ ಮನುಷ್ಯನ ಬದುಕೆಲ್ಲ ನಿಂತಿದೆ, ಹಾಗಾಗಿ ಅದನ್ನು ಮೊದಲು ಬಿಡಿಸಿ ಹೇಳಬೇಕು.

ವೇಗದ ನಡಿಗೆ ಎಂಬ ಆಟವನ್ನು ನೋಡಿದವರು ಕಡಿಮೆ, ನೋಡಿ ನಗದವರು ಇನ್ನೂ ಕಡಿಮೆ. ಆಟಗಾರರು ಸೊಂಟ ತಿರುಗಿಸುತ್ತ, ಮೊಣಕೈ ಬೀಸುತ್ತ, ತುಂಬ ಅವಸರವಿದ್ದರೂ ಓಡಲು ನಾಚುವವರಂತೆ ಸರಸರನೆ ಹೋಗುತ್ತಾರೆ. ನಿಯಮ ಎರಡೇ. ಮುಂದಿಟ್ಟ ಕಾಲಿನ ಮಂಡಿ ಬಾಗಬಾರದು. ಹಿಂದಿನ ಪಾದ ನೆಲ ಬಿಡುವ ಮೊದಲು ಮುಂದಿನ ಪಾದ ನೆಲ ಮುಟ್ಟಿರಬೇಕು. ಎರಡೂ ಒಟ್ಟಿಗೆ ಗಾಳಿಯಲ್ಲಿದ್ದರೆ ಅದು ಓಟ, ಅಂದರೆ ಮೋಸ. ದಾರಿಯುದ್ದಕ್ಕೂ ತೀರ್ಪುಗಾರರು ಬರಿಗಣ್ಣಿನಲ್ಲಿ ಕಾಲು ನೋಡುತ್ತ ನಿಂತಿರುತ್ತಾರೆ. ಅನುಮಾನ ಬಂದರೆ ಹಳದಿ ಹಲಗೆ ತೋರಿಸಿ ಎಚ್ಚರಿಸುತ್ತಾರೆ. ತಪ್ಪು ಖಚಿತವಾಗಿ ಕಂಡರೆ ಕೆಂಪು ಬರೆದು ಮುಖ್ಯ ತೀರ್ಪುಗಾರರಿಗೆ ಕಳಿಸುತ್ತಾರೆ. ಮೂವರು ತೀರ್ಪುಗಾರರಿಂದ ಕೆಂಪು ಬಂದರೆ ಆಟಗಾರ ಹೊರಗೆ.

ಇವರ ಹೆಸರು ಇರುವುದು ರೈಲ್ವೆ ಇಲಾಖೆಯ ಹಾಜರಿ ಪುಸ್ತಕದಲ್ಲಿ ಮಾತ್ರ. ಹಳಿ ಪಕ್ಕದ ವಸತಿಗೃಹಗಳಲ್ಲಿ, ಹಳಿ ರಿಪೇರಿಯ ಗ್ಯಾಂಗಿನಲ್ಲಿ, ಮೂಲೆಯ ಅಂಗಡಿಯಲ್ಲಿ ಎಲ್ಲರಿಗೂ ಇವರು ಬಾತಣ್ಣ. ಬಾತುಕೋಳಿಯ ಬಾತು, ವಯಸ್ಸಿಗೆ ಮರ್ಯಾದೆ ಕೊಟ್ಟು ಅಣ್ಣ. ಸುತ್ತಿಗೆ ಹೊರದೆ ಬರಿಗೈಯಲ್ಲಿ ನಡೆದರೆ ಸೊಂಟ ಈಗಲೂ ಸ್ವಲ್ಪ ತೂಗುತ್ತದೆ. ಕೋಪ ಬರುವುದಿಲ್ಲವೇ ಎಂದು ಕೇಳಿದರೆ ನಗುತ್ತಾರೆ. "ಮೊದಮೊದಲು ಬರ್ತಿತ್ತು. ಆಮೇಲೆ ಅಂದ್ಕೊಂಡೆ, ಬಾತುಕೋಳಿ ನಡಿಗೆ ನೋಡಿ ಜನ ನಗ್ತಾರೆ, ಆದ್ರೆ ಅದು ಹೋಗ್ಬೇಕಾದ ಕಡೆಗೆ ಹೋಗೇ ಹೋಗುತ್ತೆ."

ಈ ನಡಿಗೆ ಕಲಿತದ್ದು ಮೈದಾನದಲ್ಲಲ್ಲ, ಬೇಕರಿಯಲ್ಲಿ. ಅಪ್ಪ ಬೇಗ ತೀರಿಕೊಂಡರು. ಅಮ್ಮ ಬೇಕರಿಯಲ್ಲಿ ಹಿಟ್ಟು ನಾದುತ್ತಿದ್ದರು, ಮಗ ಶಾಲೆಗೆ ಹೋಗುವ ಮೊದಲು ಬನ್ನಿನ ತಟ್ಟೆ ತಲೆಯ ಮೇಲಿಟ್ಟುಕೊಂಡು ಅಂಗಡಿಗಳಿಗೆ ಹಂಚಿ ಬರಬೇಕಿತ್ತು. ಓಡಿದರೆ ಬನ್ನು ನೆಲದ ಪಾಲು. ನಿಧಾನ ಮಾಡಿದರೆ ಬನ್ನು ಆರಿ ಮಾಲೀಕರ ಬೈಗುಳ. ಓಡದೆ ಓಡುವ ಒಂದು ಉಪಾಯವನ್ನು ಕಾಲುಗಳು ತಾವೇ ಕಂಡುಕೊಂಡವು. ತಲೆ ಅಲ್ಲಾಡುವುದಿಲ್ಲ, ಕೆಳಗೆ ಸೊಂಟ ಮಾತ್ರ ಚಕ್ರದ ಹಾಗೆ ತಿರುಗುತ್ತದೆ. ಒಂದು ಬೆಳಿಗ್ಗೆ ಶಾಲೆಯ ಡ್ರಿಲ್ ಮೇಷ್ಟ್ರು ಸೈಕಲ್ಲಿನಲ್ಲಿ ಹೋಗುತ್ತಿದ್ದಾಗ ತಲೆಯ ಮೇಲೆ ತಟ್ಟೆ ಹೊತ್ತ ಹುಡುಗನೊಬ್ಬ ಪಕ್ಕದಲ್ಲೇ ಸರಿದು ಮುಂದೆ ಹೋದ. ಮೇಷ್ಟ್ರು ಸೈಕಲ್ಲು ನಿಲ್ಲಿಸಿ ತಮ್ಮ ಚಕ್ರಕ್ಕೆ ಗಾಳಿ ಇದೆಯೋ ಇಲ್ಲವೋ ಎಂದು ಒತ್ತಿ ನೋಡಿದರಂತೆ.

ಮೇಷ್ಟ್ರೇ ಗುರುವಾದರು. ಕೆಲವು ವರ್ಷ ಸುದ್ದಿಯಿಲ್ಲದೆ ಕಳೆದವು. ಹುಡುಗ ಬೆಳೆದು ಬೇಕರಿಯಲ್ಲೇ ಕೆಲಸಕ್ಕೆ ನಿಂತ. ಆಮೇಲೆ ಆ ಒಂದು ವರ್ಷ ಬಂತು.

ಆ ವರ್ಷದ ಮೊದಲ ಕ್ರೀಡಾಕೂಟಕ್ಕೆ ಹೋದಾಗ ಕಾಲಲ್ಲಿದ್ದದ್ದು ಯಾರದೋ ಷೂ, ಮುಂದೆ ಬಟ್ಟೆ ತುರುಕಿ ಅಳತೆಗೆ ತಂದದ್ದು. ಹೆಸರಿಲ್ಲದ ಆಟಗಾರ ಎಂದು ಕೊನೆಯ ಸಾಲಿನಲ್ಲಿ ನಿಲ್ಲಿಸಿದರು. "ಮುಂದೆ ಹೋಗ್ತಿರೋರ ಬೆನ್ನು ನೋಡ್ಕೊಂಡು ನಡೆದೆ ಅಷ್ಟೇ. ಒಂದು ಬೆನ್ನು ಹಿಂದೆ ಬಿದ್ರೆ ಇನ್ನೊಂದು ಬೆನ್ನು. ಕೊನೆಗೆ ನೋಡ್ತೀನಿ, ಮುಂದೆ ಬೆನ್ನೇ ಇಲ್ಲ, ದಾರ ಕಟ್ಟಿದ್ದಾರೆ." ಎದೆಗೆ ದಾರ ತಗುಲಿದಾಗ ಏನು ಮಾಡಬೇಕೆಂದು ತಿಳಿಯದೆ, ಕಿತ್ತುಹೋಯಿತಲ್ಲ ಎಂದು ಗಾಬರಿಯಾಗಿ ಎರಡು ತುದಿಯನ್ನೂ ಹಿಡಿದು ಗಂಟು ಹಾಕಲು ನೋಡಿದರಂತೆ.

ಚಳಿಗಾಲದಿಂದ ಬೇಸಗೆಯವರೆಗೆ ಕೂಟದ ಮೇಲೆ ಕೂಟ, ಎಲ್ಲದರಲ್ಲೂ ಗೆಲುವು. ಪ್ರತಿ ಸಲವೂ ಹಾಗೇ, ಹಿಂದಿನಿಂದ ಹೊರಟು ಕೊನೆಯ ಸುತ್ತಿನಲ್ಲಿ ಮುಂದೆ ಬರುವುದು. ಯಾವ ತೀರ್ಪುಗಾರರೂ ಒಮ್ಮೆಯೂ ಹಲಗೆ ಎತ್ತಲಿಲ್ಲ. ರಾಷ್ಟ್ರೀಯ ಕೂಟದಲ್ಲಿ ಚಿನ್ನ ಬಂದ ಮರುದಿನ ಪತ್ರಿಕೆಯಲ್ಲಿ ಫೋಟೋ ಬಂತು, ಬೀದಿಯ ಕ್ಷೌರದಂಗಡಿಯವರು ಅದನ್ನು ಕತ್ತರಿಸಿ ಕನ್ನಡಿಯ ಪಕ್ಕ ಅಂಟಿಸಿದರು. ಬೇಕರಿ ಮಾಲೀಕರು ಅವತ್ತು ಇಡೀ ಬೀದಿಗೆ ಬನ್ನು ಪುಕ್ಕಟೆ ಹಂಚಿದರು. ಹಂಚಿ ಬಂದವರು ಚಾಂಪಿಯನ್ನೇ, ಬೇರೆ ಯಾರಿಗೆ ಆ ಬೀದಿಗಳು ಅಷ್ಟು ಚೆನ್ನಾಗಿ ಗೊತ್ತು? ರೈಲ್ವೆಯವರು ಕರೆದು ಕೆಲಸ ಕೊಟ್ಟು ತಮ್ಮ ತಂಡಕ್ಕೆ ಸೇರಿಸಿಕೊಂಡರು.

ಮರುವರ್ಷ ಮೊದಲ ಕೂಟದಲ್ಲೇ ಮೂರು ಕೆಂಪು, ಆಟದಿಂದ ಹೊರಗೆ. "ಯಾರಿಗೋ ಹೊಟ್ಟೆಕಿಚ್ಚು ಅಂದ್ಕೊಂಡೆ," ಎನ್ನುತ್ತಾರೆ ಬಾತಣ್ಣ. ಎರಡನೆಯ ಕೂಟದಲ್ಲಿ ತೀರ್ಪುಗಾರರೇ ಬೇರೆ. ಅವರೂ ಕೆಂಪು ಕೊಟ್ಟರು. "ಆಗ ನನ್ನ ಕಾಲಿನ ಮೇಲೇ ಅನುಮಾನ ಬಂತು."

ಮೂರನೆಯ ಕೂಟಕ್ಕೆ ಅಮ್ಮ ಬಂದಿದ್ದರು. ಮಗನ ಆಟ ನೋಡಲು ಅವರು ಬಂದದ್ದು ಅದೇ ಮೊದಲು. ಮೊದಲಿನಿಂದಲೂ ಮಗನೇ ಮುಂದೆ. ಕೊನೆಯ ಸುತ್ತಿನಲ್ಲಿ ಯಾರೋ ಹಳದಿ ಎತ್ತಿದ್ದರಂತೆ, ಆ ಹೊತ್ತಿಗೆ ಸರಿಮಾಡಿಕೊಳ್ಳಲು ಉಳಿದಿದ್ದ ದಾರಿ ಬಹಳ ಕಡಿಮೆ. ಮಗ ದಾರ ಹರಿದು ಕೈ ಎತ್ತಿದರು. ಅಮ್ಮ ಜನರ ನಡುವೆ ನುಗ್ಗಿ ನೀರಿನ ಬಾಟಲಿ ಹಿಡಿದು ಬಂದರು. ಅದೇ ಹೊತ್ತಿಗೆ ಮುಖ್ಯ ತೀರ್ಪುಗಾರರು ದುಂಡನೆಯ ಕೆಂಪು ಹಲಗೆ ಹಿಡಿದುಕೊಂಡು ನಿಧಾನವಾಗಿ ಹತ್ತಿರ ಬಂದರು. ಮೂರು ಕೆಂಪು ಸೇರುವಷ್ಟರಲ್ಲಿ ಆಟ ಮುಗಿದುಹೋಗಿದ್ದರೆ, ದಾರ ಮುಟ್ಟಿದ ಮೇಲೆ ತಿಳಿಸುವುದು ಪದ್ಧತಿ. ಅಮ್ಮನಿಗೆ ಅದು ಹೇಗೆ ಗೊತ್ತಿರಬೇಕು? ಅದೇ ಬಹುಮಾನ ಎಂದುಕೊಂಡು ಸೆರಗಿಗೆ ಕೈ ಒರೆಸಿಕೊಂಡು ಎರಡೂ ಕೈ ಚಾಚಿದರು.

ಅಮ್ಮನಿಗೆ ಈಗ ಎಪ್ಪತ್ತು ದಾಟಿದೆ. ಈ ಕಥೆಯನ್ನು ಅವರೇ ನಗುತ್ತ ಹೇಳುತ್ತಾರೆ. "ಕೊಡಿ ಸ್ವಾಮಿ, ಅವನಿಗೆ ಕೈ ಬೆವರಿದೆ, ನಾನು ಹಿಡ್ಕೋತೀನಿ ಅಂದೆ. ಆ ಯಪ್ಪನ ಮುಖ ನೋಡ್ಬೇಕಿತ್ತು ನೀವು. ಕೊಡೋಕೂ ಆಗಲ್ಲ, ಬಿಡೋಕೂ ಆಗಲ್ಲ." ಅವರು ನಗುವಾಗ ಮಗ ಮಾತ್ರ ನಗುವುದಿಲ್ಲ. ಅವತ್ತು ಎಲ್ಲರೆದುರು ತಾನು ಸೋತದ್ದಕ್ಕಿಂತ ಅಮ್ಮ ಚಾಚಿದ ಆ ಕೈ ಅವರಿಗೆ ಹೆಚ್ಚು ನೋವು ಕೊಟ್ಟಿದೆ, ಇಷ್ಟು ವರ್ಷವಾದರೂ ಕೊಡುತ್ತಿದೆ.

ಆಮೇಲೆ ಮಾತು ಹಬ್ಬಿತು. ಈ ವರ್ಷ ಮೂರು ಸಲ ಸಿಕ್ಕಿಬಿದ್ದವನು ಹೋದ ವರ್ಷ ಓಡದೆ ಗೆದ್ದಿರುತ್ತಾನೆಯೇ? ಆಗ ಯಾರೂ ಸರಿಯಾಗಿ ನೋಡಿರಲಿಕ್ಕಿಲ್ಲ. ಚಿನ್ನದ ಫೋಟೋ ಹಾಕಿದ್ದ ಪತ್ರಿಕೆಗಳೇ ಈ ಅನುಮಾನವನ್ನೂ ಅಚ್ಚು ಹಾಕಿದವು. ನಮ್ಮ ಕಸುಬಿನವರ ನೆನಪು ಎಷ್ಟು ಗಿಡ್ಡ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಕ್ಷೌರದಂಗಡಿಯ ಫೋಟೋದ ಮೇಲೆ ಒಂದು ಕ್ಯಾಲೆಂಡರ್ ಬಂತು. ಅವರು ಫೋಟೋ ಕಿತ್ತುಹಾಕಲಿಲ್ಲ, ಮುಚ್ಚಿದರು, ಅಷ್ಟರಮಟ್ಟಿಗೆ ದೊಡ್ಡವರು.

ಎಲ್ಲಕ್ಕಿಂತ ದೊಡ್ಡ ಕಷ್ಟ ಎಂದರೆ ಸ್ವತಃ ಇವರಿಗೇ ಉತ್ತರ ಗೊತ್ತಿರಲಿಲ್ಲ. "ಕಾಲು ಎದ್ದಿದ್ದು ನಡೆಯೋನಿಗೆ ಗೊತ್ತಾಗಲ್ಲ. ಕಣ್ಣು ಮಿಟುಕಿಸೋಷ್ಟೂ ಹೊತ್ತಲ್ಲ ಅದು." ಬೇಕರಿಯ ಹಿಂದಿನ ಅಂಗಳದಲ್ಲಿ ಹಿಟ್ಟು ಚೆಲ್ಲಿ ಅದರ ಮೇಲೆ ನಡೆದು ನೋಡಿದರು. "ಹೆಜ್ಜೆ ಎಲ್ಲಿ ಬಿತ್ತು ಅಂತ ಹಿಟ್ಟು ಹೇಳುತ್ತೆ. ಎರಡು ಹೆಜ್ಜೆ ನಡುವೆ ಏನಾಯ್ತು ಅಂತ ಹೇಳಲ್ಲ." ಅಂಗಳ ಗುಡಿಸಿದ್ದು ಅಮ್ಮ. ಆಮೇಲೆ ಹೆದರಿ ಹೆದರಿ ನಡೆದರು. ಕೆಂಪು ಬರಲಿಲ್ಲ, ಗೆಲುವೂ ಬರಲಿಲ್ಲ. ಎರಡು ವರ್ಷದಲ್ಲಿ ತಂಡದಿಂದ ಕೈಬಿಟ್ಟು, ಹಳಿ ರಿಪೇರಿಯ ಗ್ಯಾಂಗಿಗೆ ಕಳಿಸಿದರು.

ಗ್ಯಾಂಗಿನಲ್ಲಿ ಇವರಿಗೆ ಸಿಕ್ಕಿದ್ದು ಕೀಮ್ಯಾನ್ ಕೆಲಸ. ದಿನಾ ಬೆಳಿಗ್ಗೆ ಆರು ಕಿಲೋಮೀಟರ್ ಹಳಿಯುದ್ದಕ್ಕೂ ಹೋಗಿ, ಅಷ್ಟೇ ದೂರ ವಾಪಸ್ ಬರುತ್ತ, ಸಡಿಲವಾದ ಕ್ಲಿಪ್ಪು ಬಡಿದು ಕೂರಿಸಬೇಕು, ಬೋಲ್ಟು ಬಿಗಿ ಮಾಡಬೇಕು, ಹಳಿಯಲ್ಲಿ ಬಿರುಕು ಕಂಡರೆ ಗಾಡಿ ನಿಲ್ಲಿಸಬೇಕು. ಮೊದಲ ದಿನ ಹೊಸ ಕೀಮ್ಯಾನ್ ಎಷ್ಟು ಬೇಗ ವಾಪಸ್ ಬಂದರೆಂದರೆ ಗ್ಯಾಂಗಿನ ಮೇಸ್ತ್ರಿ ಇನ್ನೂ ಟೀ ಮುಗಿಸಿರಲಿಲ್ಲ. ಯಾರಾದರೂ ಬೆನ್ನು ತಟ್ಟುತ್ತಾರೆ ಎಂದು ಇವರು ಎದೆ ಸೆಟೆಸಿ ನಿಂತರು. ಮೇಸ್ತ್ರಿ ಲೋಟ ಕೆಳಗಿಟ್ಟು, ಅದೇ ದಾರಿಯಲ್ಲಿ ಕುಂಟುತ್ತ ಹೊರಟರು. ಅವರಿಗೆ ಒಂದು ಕಾಲು ಸ್ವಲ್ಪ ಗಿಡ್ಡ. ಮಧ್ಯಾಹ್ನ ವಾಪಸ್ ಬಂದಾಗ ಹಳಿಯ ಯಾವ ಯಾವ ಕಡೆ ಕ್ಲಿಪ್ಪು ಸಡಿಲವಿತ್ತು ಎಂದು ಬೆರಳು ಮಡಿಸುತ್ತ ಹೇಳಿ, ಒಂದೇ ಮಾತು ಅಂದರಂತೆ: "ನಿನ್ನ ಕಳಿಸಿದ್ದು ಹಳಿ ನೋಡೋಕಪ್ಪಾ, ಹಳಿ ಸೋಲಿಸೋಕಲ್ಲ."

ಶಿಕ್ಷೆ ಸುಲಭದ್ದಾಗಿರಲಿಲ್ಲ. ಮುಂದಿನ ಹದಿನೈದು ದಿನ ಮೇಸ್ತ್ರಿಯ ಹಿಂದೆ, ಅವರನ್ನು ದಾಟದೆ ನಡೆಯಬೇಕು. ದೇಶದ ಚಾಂಪಿಯನ್ನು ಕುಂಟುವ ಮುದುಕರ ಹಿಂದೆ ತೆವಳುವುದನ್ನು ನೋಡಲು ಗ್ಯಾಂಗಿನವರು ಕೆಲಸ ಬಿಟ್ಟು ಸಾಲಾಗಿ ನಿಲ್ಲುತ್ತಿದ್ದರು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ನಾಲ್ಕು ದಿನ ಸಿಟ್ಟು. ಐದನೇ ದಿನ ಮೇಸ್ತ್ರಿ ಬಗ್ಗೋ ಮೊದಲೇ ಸಡಿಲ ಇದ್ದ ಕ್ಲಿಪ್ಪು ನನಗೆ ಕಾಣಿಸ್ತು. ಅವರು ತಿರುಗಿ ನನ್ನ ಮುಖ ನೋಡಿದ್ರು. ಆ ಚಿನ್ನ ಬಂದಾಗಲೂ ನನಗೆ ಅಷ್ಟು ಸಮಾಧಾನ ಆಗಿರಲಿಲ್ಲ ನೋಡಿ." ಮೇಸ್ತ್ರಿ ತೀರಿಕೊಂಡು ವರ್ಷಗಳಾದವು. ಈ ಸುತ್ತಿಗೆಯ ಹಿಡಿ ಅವರದ್ದೇ.

ಅವತ್ತಿನಿಂದ ಇವತ್ತಿನವರೆಗೆ ಇದೇ ಆರು ಕಿಲೋಮೀಟರ್. ನಡುವೆ ಒಂದು ಸೇತುವೆ, ಎರಡು ತಿರುವು, ಒಂದು ಗೇಟು. ಬಿಸಿಲಿಗೆ ಹಳಿ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ, ಎರಡೂ ಕಾಲದಲ್ಲಿ ಇವರಿಗೆ ನಿದ್ದೆ ಕಡಿಮೆ. ಹಳಿಯ ಕೆಳಗಿನ ಅಡ್ಡಪಟ್ಟಿ ಸ್ಲೀಪರುಗಳ ನಡುವಿನ ಅಂತರವನ್ನು ಯಾವನು ಮಾಡಿದನೋ, ಒಂದೊಂದರ ಮೇಲೆ ಕಾಲಿಟ್ಟರೆ ಹೆಜ್ಜೆ ಗಿಡ್ಡ, ಒಂದು ಬಿಟ್ಟು ಒಂದಕ್ಕೆ ಇಟ್ಟರೆ ತೊಡೆ ಹರಿಯುತ್ತದೆ. ಜಲ್ಲಿಗೆ ಷೂ ಅಟ್ಟೆ ವರ್ಷ ತಡೆಯುವುದಿಲ್ಲ, ಬಲ ಮಂಡಿ ಈಗೀಗ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಮೇಲೆ ಗಾಡಿಯಲ್ಲಿ ಕೂತು ಹೋಗುವವರಲ್ಲಿ ಒಬ್ಬರೂ ಇವರ ಕಡೆ ನೋಡುವುದಿಲ್ಲ. ನೋಡಬೇಕಾಗಿ ಬಂದರೆ ಏನೋ ಕೆಟ್ಟಿದೆ ಎಂದೇ ಅರ್ಥ. ಅಂಥದ್ದು ಇಷ್ಟು ವರ್ಷದಲ್ಲಿ ಎರಡು ಸಲ ಆಗಿದೆ, ಎರಡು ಸಲವೂ ಕೆಂಪು ಬಾವುಟ ಹಿಡಿದು ಗಾಡಿಗೆ ಎದುರಾಗಿ ಹೋಗಿ ನಿಲ್ಲಿಸಿದ್ದಾರೆ. ಕೇಳಿದರೆ ಅದನ್ನು ಸಾಹಸ ಎಂದು ಹೇಳಲು ಒಪ್ಪುವುದಿಲ್ಲ. "ಬಾವುಟ ಕೊಟ್ಟಿರೋದೇ ಅದಕ್ಕೆ."

ಗೇಟಿನ ಹತ್ತಿರ ಬಂದಾಗ ಸೂರ್ಯ ಕಾರ್ಖಾನೆಯ ಗೋಡೆಯಿಂದ ಮೇಲೆ ಬಂದಿದ್ದಾನೆ. ಗೇಟ್ ಕೀಪರ್ ಕೋಣೆಯ ಬಾಗಿಲಲ್ಲಿ ಬಿಗಿಯಾಗಿ ಜಡೆ ಕಟ್ಟಿದ, ನೀಲಿ ಅಂಗಿ ತೊಟ್ಟ ಹೆಂಗಸೊಬ್ಬರು ಫ್ಲಾಸ್ಕು ಹಿಡಿದು ನಿಂತಿದ್ದಾರೆ. ಅವರು ಬಾತಣ್ಣನವರ ಹೆಂಡತಿ. ಇಪ್ಪತ್ತು ವರ್ಷದಿಂದ ಇದೇ ಗೇಟು ಕಾಯುತ್ತಿದ್ದಾರೆ, ಅದಕ್ಕೂ ಮೊದಲು ಅವರ ತಂದೆ ಕಾಯುತ್ತಿದ್ದರು. ಈ ಗಂಡನನ್ನು ಅವರು ಮೊದಲು ನೋಡಿದ್ದೂ ಇಲ್ಲಿಂದಲೇ, ಹಳಿ ಪಕ್ಕದ ಕಾಲುದಾರಿಯಲ್ಲಿ ಸೊಂಟ ಕುಣಿಸುತ್ತ ಬರುವಾಗ. "ನಮ್ಮಮ್ಮ ಒಪ್ಪಿರಲಿಲ್ಲ," ಎಂದು ಲೋಟಕ್ಕೆ ಟೀ ಬಗ್ಗಿಸುತ್ತ ಹೇಳುತ್ತಾರೆ. "ಹುಡುಗ ಒಳ್ಳೆಯವನೇ, ಆದ್ರೆ ಸೊಂಟ ಮುರಿದಿದೆ, ನಾಳೆ ಮಕ್ಕಳಿಗೂ ಬರುತ್ತೆ ಅಂತ. ಅದು ಆಟ ಕಣಮ್ಮ ಅಂದ್ರೆ, ಯಾವ ದೇಶದ ಆಟ ಹಂಗಿರುತ್ತೆ ಅಂತ ಕೇಳಿದ್ಲು."

"ಈಗಲೂ ಕೇಳ್ತಾರೆ," ಎಂದರು ಗಂಡ.

ಈ ಮನೆಯಲ್ಲಿ ಒಂದು ವಾರದಿಂದ ಸಣ್ಣದೊಂದು ಮುಸುಕಿನ ಜಗಳ ನಡೆದಿದೆ. ನಗರದ ಕ್ರೀಡಾ ಅಧಿಕಾರಿಯೊಬ್ಬರು ಫೋನು ಮಾಡಿದ್ದರು. ಮುಂದಿನ ಭಾನುವಾರ ಶಾಲಾ ಮಕ್ಕಳ ಕೂಟವಿದೆ, ವೇಗದ ನಡಿಗೆಗೆ ತೀರ್ಪುಗಾರರು ಸಾಲದು, ನೀವು ಬರುತ್ತೀರಾ, ಹಿಂದಿನ ದಿನ ತರಬೇತಿ ನಾವೇ ಕೊಡುತ್ತೇವೆ ಎಂದು. ಇವತ್ತು ಸಂಜೆಯೊಳಗೆ ಉತ್ತರ ಹೇಳಬೇಕು. ಹೆಂಡತಿ ಹೋಗಿ ಬನ್ನಿ ಎನ್ನುತ್ತಾರೆ. ಗಂಡ ಬಾಯಿ ಬಿಡುವುದಿಲ್ಲ.

"ಗಾಡಿಗೆ ಕೆಂಪು ತೋರಿಸೋಕೆ ಕೈ ತಾನೇ ಏಳುತ್ತೆ," ಎಂದು ಈಗ ಲೋಟ ನೋಡುತ್ತ ಹೇಳುತ್ತಾರೆ. "ಮಕ್ಕಳಿಗೆ ತೋರಿಸ್ಬೇಕು ಅಂದ್ರೆ ಏಳಲ್ಲ. ನನ್ನ ಕಾಲು ಎದ್ದಿತ್ತೋ ಇಲ್ವೋ ಅಂತ ನನಗೇ ಇವತ್ತಿನವರೆಗೂ ಗೊತ್ತಿಲ್ಲ. ನಾನು ಹೋಗಿ ಇನ್ನೊಬ್ಬರ ಕಾಲು ಎದ್ದಿತು ಅಂತ ಯಾವ ಬಾಯಲ್ಲಿ ಹೇಳ್ಲಿ?"

"ನನಗೆ ಗೊತ್ತು," ಎಂದರು ಹೆಂಡತಿ.

ಬಾತಣ್ಣ ತಲೆ ಎತ್ತಿದರು. ಅಷ್ಟರಲ್ಲಿ ಕೋಣೆಯೊಳಗೆ ಗಂಟೆ ಮೊಳಗಿತು. ಹೆಂಡತಿ ಫ್ಲಾಸ್ಕು ಅಲ್ಲೇ ಇಟ್ಟು ಹೋದರು. ಗೇಟು ಇಳಿಸಿದರು, ಬೀಗ ಹಾಕಿದರು, ಅವಸರ ಮಾಡುತ್ತಿದ್ದ ಸ್ಕೂಟರಿನವನನ್ನು ಗದರಿದರು, ಹಸಿರು ಬಾವುಟ ಹಿಡಿದು ನಿಂತರು. ಬಂದದ್ದು ಗೂಡ್ಸ್ ಗಾಡಿ. ಒಂದರ ಹಿಂದೆ ಒಂದು ಡಬ್ಬಿ, ಮುಗಿಯುವ ಲಕ್ಷಣವೇ ಇಲ್ಲ. ನೆಲ ಅದುರುತ್ತಿದೆ. ಗಂಡ ಅರ್ಧ ಕುಡಿದ ಲೋಟ ಹಿಡಿದು, ಗಾಡಿಯನ್ನು ನೋಡದೆ ಹೆಂಡತಿಯ ಬೆನ್ನನ್ನೇ ನೋಡುತ್ತ ನಿಂತಿದ್ದಾರೆ. ಕೊನೆಯ ಡಬ್ಬಿ ಹೋಗಿ, ಗೇಟು ಎದ್ದು, ಸ್ಕೂಟರಿನವನು ಗೊಣಗುತ್ತ ದಾಟಿಹೋಗುವವರೆಗೆ ಆಕೆ ತಿರುಗಿ ನೋಡಲಿಲ್ಲ.

"ಏನು ಗೊತ್ತು?" ಎಂದು ಕೇಳಿದರು ಬಾತಣ್ಣ.

"ದಿನಾ ನೀವು ಈ ನೇರ ಹಳಿ ಮೇಲೆ ಎದುರಿಗೆ ಬರೋದು ನೋಡ್ತೀನಲ್ಲ. ನನಗಿನ್ನೇನು ಕೆಲಸ? ಕೆಲಸ ಮುಗಿಸಿ ಕಾಲುದಾರಿಯಲ್ಲಿ ಒಬ್ಬರೇ ಬಂದಾಗ ನಿಮ್ಮ ಕಾಲು ಏಳಲ್ಲ. ಎಷ್ಟು ಬೇಗ ಬಂದ್ರೂ ಏಳಲ್ಲ. ಮುಂದೆ ಗ್ಯಾಂಗಿನವರು ಹೋಗ್ತಿದ್ರೂ ಏಳಲ್ಲ. ಹಿಂದಿನಿಂದ ಯಾರಾದ್ರೂ ಬರ್ತಿದ್ದಾರೆ ಅಂತ ಗೊತ್ತಾದ್ರೆ ಸಾಕು, ಎದ್ದುಬಿಡುತ್ತೆ. ಎರಡೂ."

ಚಾಂಪಿಯನ್ ಆದ ವರ್ಷ ಇವರು ಹಿಂದಿನಿಂದ ಹೊರಟು ಮುಂದಿನವರ ಬೆನ್ನನ್ನೇ ನೋಡುತ್ತಿದ್ದರು, ಹಿಂದೆ ಯಾರು ಬರುತ್ತಿದ್ದಾರೆ ಎಂಬ ಎಣಿಕೆಯೇ ಇರಲಿಲ್ಲ. ಮರುವರ್ಷ ಇವರು ಮುಂದೆ, ಎಲ್ಲರೂ ಹಿಂದೆ. ಅಷ್ಟು ಸರಳ. ಮೂರು ಕೂಟದ ತೀರ್ಪುಗಾರರು, ಡ್ರಿಲ್ ಮೇಷ್ಟ್ರು, ಅಂಗಳದ ತುಂಬ ಚೆಲ್ಲಿದ ಹಿಟ್ಟು, ಯಾರೂ ಹೇಳದ ಮಾತು.

"ಇಷ್ಟು ವರ್ಷ ಯಾಕೆ ಹೇಳಲಿಲ್ಲ ನೀನು?"

"ನೀವು ಕೇಳಿದ್ರೆ ತಾನೆ? ನಡಿಗೆ ಮಾತು ಎತ್ತಿದ್ರೆ ತಟ್ಟೆ ಬಿಟ್ಟು ಎದ್ದು ಹೋಗ್ತಿದ್ರಿ. ಮದುವೆ ಆದ ವರ್ಷ ಎರಡು ಸಲ ಹಂಗೆ ಮಾಡಿದ್ರಿ. ಆಮೇಲೆ ಯಾರು ಹೇಳ್ತಾರೆ?"

ಬಾತಣ್ಣ ನಂಬಲಿಲ್ಲ. ನಂಬುವ ಮನುಷ್ಯರೂ ಅಲ್ಲ, ಬೋಲ್ಟು ಬಿಗಿಯಾಗಿ ಕಂಡರೂ ಸ್ಪ್ಯಾನರ್ ಹಾಕಿ ನೋಡುವವರು. ಸುತ್ತಿಗೆ, ಚೀಲ ಕೆಳಗಿಟ್ಟರು. ಕಾಲುದಾರಿಯಲ್ಲಿ ಕಂಬದವರೆಗೆ ಹೋಗಿ ಅಲ್ಲಿಂದ ತಿರುಗಿ, ಗೇಟಿನ ಕಡೆ ನಡೆದು ಬಂದರು. ಆ ಹಳೆಯ ನಡಿಗೆ. ತಲೆ ಅಲ್ಲಾಡಲಿಲ್ಲ, ತೋಳು ಬೀಸಿತು, ಸೊಂಟ ತಿರುಗಿತು. ಐವತ್ತರ ಹತ್ತಿರದ ಮನುಷ್ಯ ಎಷ್ಟು ಚೆಂದ ಬಂದರೆಂದರೆ ನಗಲು ಸಿದ್ಧವಾಗಿದ್ದ ಬಾಯಿ ಹಾಗೇ ಮುಚ್ಚಿಕೊಂಡಿತು. ಹೆಂಡತಿ ಕಣ್ಣಲ್ಲಿ ಕಣ್ಣಿಟ್ಟು ಕಾಲು ನೋಡುತ್ತಿದ್ದರು. "ಇಲ್ಲ," ಎಂದರು.

ಎರಡನೆಯ ಸಲ ಹಿಂದಿನಿಂದ ಬರುವ ಕೆಲಸ ಫೋಟೋಗ್ರಾಫರ್‌ನ ಪಾಲಿಗೆ ಬಂತು. ಪಾಪ, ಕ್ಯಾಮೆರಾ ಚೀಲ ಕುತ್ತಿಗೆಗೆ ನೇತುಹಾಕಿಕೊಂಡೇ ಬೆನ್ನಟ್ಟಿದ. ಜಲ್ಲಿಯ ಮೇಲೆ ಅವನ ಷೂ ಸದ್ದು ಕೇಳಿಸಿದ್ದೇ ತಡ, ಬಾತಣ್ಣನವರ ಭುಜ ಒಂದಿಷ್ಟು ಮೇಲೇರಿತು, ಕುತ್ತಿಗೆ ಗಟ್ಟಿಯಾಯಿತು. ಬೇರೆ ಯಾರ ಕಣ್ಣಿಗೂ ಏನೂ ಕಾಣಲಿಲ್ಲ. "ಎದ್ದಿತು," ಎಂದರು ಹೆಂಡತಿ. "ಅಗೋ, ಮತ್ತೆ ಎದ್ದಿತು." ಹತ್ತಿರ ಬಂದು ನಿಂತಾಗ ಫೋಟೋಗ್ರಾಫರ್ ಮೊಣಕಾಲು ಹಿಡಿದುಕೊಂಡು ಏದುಸಿರು ಬಿಡುತ್ತಿದ್ದ, ಒಂದೂ ಫೋಟೋ ತೆಗೆದಿರಲಿಲ್ಲ. ಬಾತಣ್ಣ ಮಾತ್ರ ನಗುತ್ತಿದ್ದರು. ಬೆಳಗಿನಿಂದ ಅವರು ನಕ್ಕಿದ್ದಕ್ಕೂ ಈ ನಗುವಿಗೂ ಸಂಬಂಧವೇ ಇರಲಿಲ್ಲ. ನಗುತ್ತ ನಗುತ್ತಲೇ ಕಣ್ಣು ಒರೆಸಿಕೊಂಡರು, ಹೆಂಡತಿ ನೋಡಿಯೂ ನೋಡದವರಂತೆ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ಒಳಗೆ ಹೋದರು.

ವಾಪಸ್ ದಾರಿಯಲ್ಲಿ ಕೆಲಸ ಹಾಗೇ ನಡೆಯಿತು, ನಾಲ್ಕು ಹೆಜ್ಜೆ, ಒಂದು ತಟ್ಟು. ಸೇತುವೆಯ ಹತ್ತಿರ ಒಂದು ಕ್ಲಿಪ್ಪು ಸಡಿಲ ಸಿಕ್ಕಿತು, ಬಡಿದು ಕೂರಿಸಿದರು. "ಅವರು ಸರಿಯಾಗೇ ನೋಡಿದ್ರು ಹಾಗಾದ್ರೆ, ಆ ತೀರ್ಪುಗಾರರು," ಎಂದರು ಎದ್ದು ನಿಂತು. "ಎಷ್ಟು ಬೈದಿದ್ದೀನಿ ಮನಸ್ಸಲ್ಲೇ."

ಮನೆ ಇಲಾಖೆಯ ವಸತಿಗೃಹದ ಎರಡು ಕೋಣೆ. ಬಾಗಿಲ ಹೊರಗೆ ಷೂ ಬಿಚ್ಚಿ ಜಲ್ಲಿಯ ಪುಡಿ ಕೊಡವುತ್ತಿದ್ದಾಗಲೇ ಫೋನು ಬಂತು. ಒಳಗೆ ಮಂಚದ ಮೇಲಿದ್ದ ಅಮ್ಮ ಕಿವಿಗೆ ಕೈ ಹಿಡಿದು ಕೂತರು. ಅವರಿಗೆ ಕಿವಿ ಮಂದ, ಆದರೆ ಬೇಕಾದ ಮಾತು ಹೇಗೋ ಕೇಳುತ್ತದೆ.

"ಬರ್ತೀನಿ ಸಾರ್," ಎಂದರು ಬಾತಣ್ಣ. ಆ ಕಡೆಯಿಂದ ಧನ್ಯವಾದದ ಮಾತುಗಳು ಬಂದವು. ಇವರು ತಡೆದರು. "ಒಂದು ಕೇಳ್ಕೋಬೇಕಿತ್ತು. ನನ್ನ ಕೊನೇ ಸುತ್ತಿನ ಕಡೆ ನಿಲ್ಲಿಸ್ಬೇಡಿ. ಶುರುವಿನಲ್ಲೇ, ಮೊದಲನೇ ತಿರುವಿನಲ್ಲಿ ನಿಲ್ಲಿಸಿ." ಯಾಕೆ ಎಂದು ಕೇಳಿರಬೇಕು. "ಮೊದಲಲ್ಲೇ ಹಳದಿ ನೋಡಿದ್ರೆ ಮಕ್ಕಳಿಗೆ ಸರಿಮಾಡ್ಕೊಳ್ಳೋಕೆ ದಾರಿ ಉಳಿದಿರುತ್ತೆ ಸಾರ್. ಕೊನೇಲಿ ತೋರಿಸಿದ್ರೆ ಏನು ಬಂತು?"

ಫೋನು ಜೇಬಿಗೆ ಸೇರಿತು. ಒಳಗಿನಿಂದ ಅಮ್ಮ, "ಹೊಸ ಷೂ ಹಾಕ್ಕೊಂಡು ಹೋಗು, ಇದನ್ನಲ್ಲ," ಎಂದರು. ಬೆಳಗಿನಿಂದ ಕೇಳಬೇಕೋ ಬೇಡವೋ ಎಂದು ತಡೆದಿಟ್ಟುಕೊಂಡಿದ್ದ ಪ್ರಶ್ನೆಯೊಂದು ನಮ್ಮಲ್ಲಿ ಉಳಿದಿತ್ತು, ಕೇಳಿಯೇಬಿಟ್ಟೆವು. ಹಾಗಾದರೆ ಆ ವರ್ಷದ ಗೆಲುವು?

ಬಾತಣ್ಣ ಎರಡನೆಯ ಷೂವನ್ನೂ ಬಿಚ್ಚಿ ಪುಡಿ ಕೊಡವಿದರು.

"ನಡೆಯೋದು ನನ್ನ ಕೆಲಸ, ನಡೆದೆ. ನೋಡೋದು ಅವರ ಕೆಲಸ, ನೋಡಿದ್ರು. ಆ ವರ್ಷ ಒಬ್ಬರೂ ಹಲಗೆ ಎತ್ತಿರಲಿಲ್ಲ. ಆಮೇಲೆ ಊರವರು ಏನೋ ಅಂದ್ರು, ನಾನೂ ಹೌದೇನೋ ಅಂತ ಆ ಇಡೀ ವರ್ಷನ ಅವರ ಮಾತಿಗೆ ಬಿಟ್ಟುಕೊಟ್ಟುಬಿಟ್ಟೆ." ಷೂವನ್ನು ಜೋಡಿಯ ಪಕ್ಕಕ್ಕೆ ನೀಟಾಗಿ ಇಟ್ಟರು. "ಇವತ್ತು ವಾಪಸ್ ತಗೊಂಡೆ."